ಗೋಡೆಯಾಚೆಯ ಸಮುದ್ರ: ಮುಂಬೈ ಬಂದರಿನ ನೆಲ ಯಾರ ಪಾಲಿಗೆ?

ಮುಂಬೈಯ ಹಾರ್ಬರ್ ಮಾರ್ಗದ ಲೋಕಲ್ ರೈಲು ಹತ್ತಿ ಉತ್ತರಕ್ಕೆ ಹೊರಟರೆ ನಿಲ್ದಾಣಗಳ ಹೆಸರುಗಳೇ ಬಂದರಿನ ಚರಿತ್ರೆ ಹೇಳುತ್ತವೆ: ಮಸ್ಜಿದ್ ಬಂದರ್, ಡಾಕ್‌ಯಾರ್ಡ್ ರೋಡ್, ರೇ ರೋಡ್, ಕಾಟನ್ ಗ್ರೀನ್, ಶಿವ್ಡಿ. ಕಿಟಕಿಯಲ್ಲಿ ಕಾಣುವುದು ಮಾತ್ರ ಗೋದಾಮುಗಳ ತುಕ್ಕು ಹಿಡಿದ ತಗಡಿನ ಚಾವಣಿ, ಲಾರಿಗಳ ಸಾಲು, ಗೋಡೆಗೆ ಒರಗಿಕೊಂಡ ಜೋಪಡಿಗಳು. ಸಮುದ್ರದ ದರ್ಶನ ಅಪರೂಪ. ಪಶ್ಚಿಮದ ಕಡಲಿಗೆ ಮೆರೀನ್ ಡ್ರೈವ್ ಇದೆ, ದಾದರ್ ಚೌಪಾಟಿ ಇದೆ, ಜುಹೂ ಇದೆ. ಸಂಜೆಯಾದರೆ ನಗರ ಅಲ್ಲಿಗೆ ಹೋಗಿ ಉಸಿರಾಡುತ್ತದೆ. ಪೂರ್ವದ ಕಡಲನ್ನು, ಗೇಟ್‌ವೇ ಆಫ್ ಇಂಡಿಯಾದ ಮುಂದಿನ ತುಣುಕೊಂದನ್ನು ಬಿಟ್ಟರೆ, ಕಂಡವರು ಹೆಚ್ಚಾಗಿ ಅಲ್ಲಿ ದುಡಿದವರೇ.

ಕೊಲಾಬಾದ ಸಸೂನ್ ಡಾಕ್‌ನ ಕಡೆಯಿಂದ ವಡಾಲಾವರೆಗೆ ಹಬ್ಬಿರುವ ಈ ನೆಲದ ಬಹುಭಾಗ ಮುಂಬೈ ಬಂದರು ಪ್ರಾಧಿಕಾರದ್ದು. 1873ರಲ್ಲಿ ಹುಟ್ಟಿದ ಪೋರ್ಟ್ ಟ್ರಸ್ಟ್‌ನ ಇಂದಿನ ಹೆಸರು ಅದು. ಅದರ ಒಡೆತನದಲ್ಲಿರುವುದು ಸುಮಾರು 750 ಹೆಕ್ಟೇರ್, ಅಂದರೆ 1,800 ಎಕರೆಗೂ ಮಿಗಿಲು. ಚದರಡಿಯ ಲೆಕ್ಕದಲ್ಲಿ ಬದುಕು ಸಾಗಿಸುವ ಊರಿನಲ್ಲಿ ಇದು ಊಹೆಗೂ ಮೀರಿದ ಆಸ್ತಿ. ಹತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ಅದರ ಮರುಬಳಕೆಯ ಮಾತು ನಡೆಯುತ್ತಿದೆ. ವಿಹಾರಪಥ, ಉದ್ಯಾನ, ವಾಣಿಜ್ಯ ಸಂಕೀರ್ಣ, ಕ್ರೂಸ್ ಟರ್ಮಿನಲ್, ಮರೀನಾ ಹೀಗೆ ಪಟ್ಟಿ ಬೆಳೆಯುತ್ತಲೇ ಇದೆ. ಚರ್ಚೆಯೆಲ್ಲ ಅಲ್ಲಿ ಏನು ಕಟ್ಟಬೇಕು ಎಂಬುದರ ಸುತ್ತಲೇ ಸುತ್ತುತ್ತಿದೆ. ಅದಕ್ಕಿಂತ ಮೊದಲು ಇತ್ಯರ್ಥವಾಗಬೇಕಾದ ಸಂಗತಿಗಳಿವೆ ಎಂದು ನಾನು ನಂಬಿದ್ದೇನೆ. ನೆಲದ ಒಡೆತನ ಯಾರಲ್ಲಿ ಉಳಿಯುತ್ತದೆ? ಏರುವ ಬೆಲೆ ಯಾರ ಬೊಕ್ಕಸಕ್ಕೆ ಹೋಗುತ್ತದೆ? ಈಗಾಗಲೇ ಆ ದಡದಲ್ಲಿ ದುಡಿಯುತ್ತಿರುವವರ ಹಕ್ಕು ಯಾವ ಕಾಗದದಲ್ಲಿ ಬರೆದಿದೆ? ಇವನ್ನು ಮೊದಲೇ ಬರೆದಿಡದ ಊರುಗಳು ಏನನ್ನು ಕಳೆದುಕೊಂಡವು ಎಂಬುದಕ್ಕೆ ದೂರದಲ್ಲೂ ಸಾಕ್ಷ್ಯವಿದೆ, ಮುಂಬೈಯ ಹೊಟ್ಟೆಯೊಳಗೂ ಇದೆ.

ನಗರದ ನಡುವಿನ ಬಂದರುಗಳಿಗೆ ಕೆಲಸ ತಪ್ಪಿದ್ದು ಹೇಗೆ ಎಂಬುದನ್ನು ಮೊದಲು ನೋಡಬೇಕು. ಹಿಂದೆ ಹಡಗಿನಿಂದ ಸರಕು ಇಳಿಸುವುದೆಂದರೆ ನೂರಾರು ಹಮಾಲರ ಬೆನ್ನಿನ ಕೆಲಸ. ಗೋಣಿಚೀಲ, ಪೀಪಾಯಿ, ಮರದ ಪೆಟ್ಟಿಗೆ, ಹತ್ತಿಯ ಬೇಲು, ಒಂದೊಂದನ್ನೂ ಬಿಡಿಬಿಡಿಯಾಗಿ ಎತ್ತಿ ಇಳಿಸಿ, ಎಣಿಸಿ, ಪಕ್ಕದ ಗೋದಾಮಿನಲ್ಲಿ ಪೇರಿಸಬೇಕಿತ್ತು. ಹಡಗು ದಿನಗಟ್ಟಲೆ ದಕ್ಕೆಯಲ್ಲಿ ನಿಲ್ಲುತ್ತಿತ್ತು. 1956ರಲ್ಲಿ ಅಮೆರಿಕದ ನೆವಾರ್ಕ್‌ನಿಂದ ಹ್ಯೂಸ್ಟನ್‌ಗೆ 58 ಕಂಟೇನರ್‌ಗಳನ್ನು ಹೊತ್ತು ಒಂದು ಹಡಗು ಹೊರಟ ಮೇಲೆ ಈ ಲೋಕ ಕುಸಿಯತೊಡಗಿತು. ಕಂಟೇನರ್ ಹಡಗಿಗೆ ಆಳವಾದ ನೀರು ಬೇಕು, ಪೆಟ್ಟಿಗೆಗಳನ್ನು ಹರಡಲು ಬಯಲು ಬೇಕು, ಬಾಗಿಲಲ್ಲೇ ಹೆದ್ದಾರಿ ಮತ್ತು ರೈಲು ಬೇಕು. ಓಣಿಗಳ ನಡುವೆ ಸಿಕ್ಕಿಕೊಂಡಿದ್ದ ಹಳೆಯ ಡಾಕ್‌ಗಳಲ್ಲಿ ಇವು ಯಾವುವೂ ಇರಲಿಲ್ಲ. ಮುಂಬೈಯಲ್ಲಿ ಆ ಪಾತ್ರವನ್ನು 1989ರಲ್ಲಿ ಶುರುವಾದ, ಕೊಲ್ಲಿಯಾಚೆಯ ನ್ಹಾವಾ ಶೇವಾ ಬಂದರು ವಹಿಸಿಕೊಂಡಿತು. 1880ರ ದಶಕದ ಪ್ರಿನ್ಸೆಸ್ ಡಾಕ್, ವಿಕ್ಟೋರಿಯಾ ಡಾಕ್‌ಗಳನ್ನು ಕೊನೆಗೆ ಮಣ್ಣು ತುಂಬಿ ಮುಚ್ಚಲಾಯಿತು. 1944ರ ಏಪ್ರಿಲ್ 14ರಂದು ಮದ್ದುಗುಂಡು ತುಂಬಿದ ಫೋರ್ಟ್ ಸ್ಟಿಕೀನ್ ಹಡಗು ಸಿಡಿದು ಊರನ್ನೇ ನಡುಗಿಸಿದ್ದು ಆ ವಿಕ್ಟೋರಿಯಾ ಡಾಕ್‌ನಲ್ಲೇ.

ಲಂಡನ್ನಿನ ಕಥೆಯನ್ನು ತುಸು ವಿವರವಾಗಿ ಹೇಳಬೇಕು, ಏಕೆಂದರೆ ಬಂದರು ಪ್ರದೇಶದ ಪುನರುಜ್ಜೀವನ ಎಂದೊಡನೆ ಯೋಜಕರ ಬಾಯಲ್ಲಿ ಮೊದಲು ಬರುವುದು ಅದೇ. 1802ರಲ್ಲಿ ತೆರೆದ ವೆಸ್ಟ್ ಇಂಡಿಯಾ ಡಾಕ್ಸ್ ಕೆರಿಬಿಯನ್ ತೋಟಗಳಲ್ಲಿ ಗುಲಾಮರು ಬೆಳೆದ ಸಕ್ಕರೆಯನ್ನು ಇಳಿಸಲು ಕಟ್ಟಿದ್ದು. 1806ರ ಈಸ್ಟ್ ಇಂಡಿಯಾ ಡಾಕ್ಸ್‌ಗೆ ನಮ್ಮ ಕಡೆಯ ಸರಕು ಹೋಗುತ್ತಿತ್ತು. ಅವುಗಳ ಜೊತೆಗೇ ಬೆಳೆದ ಕೂಲಿಕಾರರ ಕೇರಿಗಳು ಪೂರ್ವ ಲಂಡನ್ನಿನ ಜೀವವಾದವು. 1967ರಲ್ಲಿ ಈಸ್ಟ್ ಇಂಡಿಯಾ ಡಾಕ್ಸ್ ಮುಚ್ಚಿತು, ಮರುವರ್ಷ ಸೇಂಟ್ ಕ್ಯಾಥರೀನ್, 1980ರಲ್ಲಿ ವೆಸ್ಟ್ ಇಂಡಿಯಾ, 1981ರಲ್ಲಿ ರಾಯಲ್ ಡಾಕ್ಸ್. ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ ಕಟ್ಟಿದ್ದು ಹದಿನೈದು ವರ್ಷಗಳೊಳಗೆ ಬರಿದಾಯಿತು. ಥೇಮ್ಸ್ ನದಿಯ ತಿರುವಿನೊಳಗಿರುವ ಐಲ್ ಆಫ್ ಡಾಗ್ಸ್‌ನ ನಿವಾಸಿಗಳು ಬಸ್ಸು, ಶಾಲೆ, ಆಸ್ಪತ್ರೆಗಳ ಕಡೆಗಣನೆಯಿಂದ ಬೇಸತ್ತು 1970ರಲ್ಲಿ ರಸ್ತೆ ತಡೆದು ತಮ್ಮ ದ್ವೀಪವನ್ನು ಸ್ವತಂತ್ರವೆಂದೇ ಘೋಷಿಸಿಬಿಟ್ಟಿದ್ದರು. ಆ ಪ್ರತಿಭಟನೆಯನ್ನು ನೆನೆದಾಗಲೆಲ್ಲ ನನಗೆ ಅನಿಸುವುದಿಷ್ಟು: ಗೋಪುರಗಳು ಬರುವುದಕ್ಕೆ ಮೊದಲು ಅಲ್ಲಿ ‘ಖಾಲಿ ಜಾಗ’ ಇತ್ತು ಎನ್ನುವ ಮಾತು ಸುಳ್ಳು. ಅಲ್ಲಿ ಜನರಿದ್ದರು, ತಮಗೆ ಏನು ಬೇಕೆಂದು ಅವರಿಗೆ ಗೊತ್ತಿತ್ತು.

1981ರಲ್ಲಿ ಥ್ಯಾಚರ್ ಸರ್ಕಾರ, ಸಚಿವ ಮೈಕೆಲ್ ಹೆಸೆಲ್ಟೈನ್ ಅವರ ಉತ್ಸಾಹದಲ್ಲಿ, ಲಂಡನ್ ಡಾಕ್‌ಲ್ಯಾಂಡ್ಸ್ ಅಭಿವೃದ್ಧಿ ನಿಗಮವನ್ನು ಸ್ಥಾಪಿಸಿತು. ಸುಮಾರು 22 ಚದರ ಕಿಲೋಮೀಟರ್ ಪ್ರದೇಶದಲ್ಲಿ ಕಟ್ಟಡಗಳಿಗೆ ಅನುಮತಿ ಕೊಡುವ ಅಧಿಕಾರವನ್ನು ಟವರ್ ಹ್ಯಾಮ್ಲೆಟ್ಸ್, ನ್ಯೂಹ್ಯಾಮ್, ಸದಕ್ ಎಂಬ ಮೂರು ಚುನಾಯಿತ ಸ್ಥಳೀಯ ಆಡಳಿತಗಳಿಂದ ಕಿತ್ತು ಈ ನಿಗಮಕ್ಕೆ ಕೊಡಲಾಯಿತು. ನೆಲವೂ ಅದರದ್ದೇ, ನಿಯಮವೂ ಅದರದ್ದೇ. ಮರುವರ್ಷ ಐಲ್ ಆಫ್ ಡಾಗ್ಸ್‌ನ ಒಂದು ಭಾಗವನ್ನು ವಿಶೇಷ ಉದ್ಯಮ ವಲಯವೆಂದು ಸಾರಿ, ಹತ್ತು ವರ್ಷಗಳ ಕಾಲ ಆಸ್ತಿ ತೆರಿಗೆಗೆ ವಿನಾಯಿತಿ ನೀಡಿ, ಕಟ್ಟಡಕ್ಕೆ ಹಾಕಿದ ಬಂಡವಾಳವನ್ನು ಆದಾಯ ತೆರಿಗೆಯ ಲೆಕ್ಕದಲ್ಲಿ ಪೂರ್ತಿ ಕಳೆಯುವ ಅವಕಾಶ ಕೊಡಲಾಯಿತು. ಖಾಸಗಿ ಹಣ ಬಂದು ಊರು ಕಟ್ಟಿತು ಎಂದು ಇದನ್ನು ಬಣ್ಣಿಸುವವರು ತೆರಿಗೆ ರೂಪದಲ್ಲಿ ಬಿಟ್ಟುಕೊಟ್ಟ ಸಾರ್ವಜನಿಕ ಹಣವನ್ನು ಎಣಿಸುವುದೇ ಇಲ್ಲ.

ಫಲ ಸಿಗಲಿಲ್ಲವೆಂದು ಹೇಳಲಾಗದು. 1991ರಲ್ಲಿ ಒಲಿಂಪಿಯಾ ಆ್ಯಂಡ್ ಯಾರ್ಕ್ ಕಂಪನಿ ಐಲ್ ಆಫ್ ಡಾಗ್ಸ್‌ನ ಕ್ಯಾನರಿ ವಾರ್ಫ್ ಎಂಬ ಕಚೇರಿ ಬಡಾವಣೆಯಲ್ಲಿ ಕಟ್ಟಿದ 235 ಮೀಟರ್ ಎತ್ತರದ ಒನ್ ಕೆನಡಾ ಸ್ಕ್ವೇರ್ ಆಗ ಬ್ರಿಟನ್ನಿನಲ್ಲೇ ಅತಿ ಎತ್ತರದ ಕಟ್ಟಡ. ಮರುವರ್ಷವೇ ಕಂಪನಿ ದಿವಾಳಿಯ ಅಂಚಿಗೆ ಬಂತು. ಆ ಹೊತ್ತಿಗೆ ಅಲ್ಲಿಗಿದ್ದದ್ದು 1987ರಲ್ಲಿ ತೆರೆದ ಪುಟ್ಟ ಲಘು ರೈಲು ಮಾತ್ರ. ಕ್ಯಾನರಿ ವಾರ್ಫ್ ನಿಜಕ್ಕೂ ಚಿಗುರಿದ್ದು ಜುಬಿಲಿ ಮೆಟ್ರೋ ಮಾರ್ಗ 1999ರಲ್ಲಿ ಅಲ್ಲಿಗೆ ತಲುಪಿದಾಗ, ಅದೂ ಬಹುಪಾಲು ಸರ್ಕಾರದ ಹಣದಲ್ಲಿ. ಇಂದು ಒಂದು ಲಕ್ಷಕ್ಕೂ ಹೆಚ್ಚು ಮಂದಿಗೆ ಅಲ್ಲಿ ಉದ್ಯೋಗವಿದೆ. ಆದರೆ ಅದೇ ಗೋಪುರಗಳ ನೆರಳು ಬೀಳುವ ಟವರ್ ಹ್ಯಾಮ್ಲೆಟ್ಸ್ ಇಂಗ್ಲೆಂಡಿನಲ್ಲಿ ಮಕ್ಕಳ ಬಡತನ ಅತಿ ಹೆಚ್ಚಿರುವ ಪ್ರದೇಶಗಳಲ್ಲಿ ಒಂದಾಗಿ ಉಳಿದಿದೆ. ಸರಕು ಎತ್ತುತ್ತಿದ್ದವನ ಮಗನಿಗೆ ಬ್ಯಾಂಕಿನ ಹಣಕಾಸು ವಿಭಾಗದಲ್ಲಿ ಕುರ್ಚಿ ತಾನಾಗಿ ಸಿಗಲಿಲ್ಲ. ಅವನನ್ನು ಅಲ್ಲಿಗೆ ಮುಟ್ಟಿಸುವ ತರಬೇತಿ, ಅವನು ಕೊಡಬಲ್ಲ ಬಾಡಿಗೆಯ ಮನೆ, ಎರಡನ್ನೂ ಯೋಜನೆಯ ಒಡಲಲ್ಲಿ ಇಟ್ಟಿರಲಿಲ್ಲ.

ರಾಯಲ್ ಡಾಕ್ಸ್‌ನ ನಿವಾಸಿಗಳು 1983ರಲ್ಲಿ ತಮ್ಮದೇ ಒಂದು ‘ಜನಯೋಜನೆ’ಯನ್ನು ತಯಾರಿಸಿದ್ದರು. ವಿಮಾನ ನಿಲ್ದಾಣ ಬೇಡ, ಬದಲಿಗೆ ಸರಕು ಸಾಗಣೆಯ ಕೆಲಸ, ಮನೆ, ಮಕ್ಕಳ ಪಾಲನಾ ಕೇಂದ್ರ ಬೇಕೆಂದು ಅದರಲ್ಲಿ ಕೇಳಿದ್ದರು. 1987ರಲ್ಲಿ ಅಲ್ಲಿ ವಿಮಾನ ನಿಲ್ದಾಣವೇ ತೆರೆಯಿತು. ಕಚೇರಿಗಳನ್ನೇ ನಂಬಿ ಕಟ್ಟಿದ ಜಾಗಕ್ಕೆ ಈಗ ಇನ್ನೊಂದು ಸಂಕಟ ಬಂದಿದೆ: ಕೋವಿಡ್ ನಂತರ ಮನೆಯಿಂದಲೇ ಕೆಲಸ ಮಾಡುವವರು ಹೆಚ್ಚಾದರು, ಕ್ಯಾನರಿ ವಾರ್ಫ್‌ನ ಗುರುತೇ ಆಗಿದ್ದ ಎಚ್‌ಎಸ್‌ಬಿಸಿ ಬ್ಯಾಂಕ್ ತನ್ನ ಕೇಂದ್ರ ಕಚೇರಿಯನ್ನು ಅಲ್ಲಿಂದ ಬೇರೆಡೆಗೆ ಒಯ್ಯುವ ನಿರ್ಧಾರವನ್ನು 2023ರಲ್ಲಿ ಪ್ರಕಟಿಸಿತು.

ಲಂಡನ್ ದೂರವೆನಿಸಿದರೆ ಹಾರ್ಬರ್ ಮಾರ್ಗದಿಂದ ಸ್ವಲ್ಪವೇ ಪಶ್ಚಿಮಕ್ಕಿರುವ ಪರೇಲ್‌ಗೆ ಹೋಗೋಣ. 1982ರ ದೊಡ್ಡ ಮುಷ್ಕರದ ನಂತರ ನೆಲಕಚ್ಚಿದ ಜವಳಿ ಗಿರಣಿಗಳ ಭೂಮಿ ಸುಮಾರು 600 ಎಕರೆ. 1991ರ ಅಭಿವೃದ್ಧಿ ನಿಯಂತ್ರಣ ನಿಯಮಾವಳಿಯ 58ನೇ ನಿಯಮ ಒಂದು ಸರಳ ಲೆಕ್ಕವನ್ನು ಮುಂದಿಟ್ಟಿತು: ಗಿರಣಿಯ ಭೂಮಿಯನ್ನು ಬೇರೆ ಉದ್ದೇಶಕ್ಕೆ ಬಳಸಿದರೆ ಸರಿಸುಮಾರು ಮೂರನೆಯ ಒಂದು ಪಾಲು ಉದ್ಯಾನ ಮತ್ತು ಬಯಲಿಗೆ, ಇನ್ನೊಂದು ಪಾಲು ಸಾರ್ವಜನಿಕ ವಸತಿಗೆ, ಉಳಿದದ್ದು ಮಾಲೀಕರಿಗೆ. ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರ ಸಮಿತಿ ಈ ಭೂಮಿಯನ್ನು ಒಟ್ಟಾಗಿ ಕಂಡು ಯೋಜಿಸಬೇಕೆಂದು ವಾದಿಸಿತು. 2001ರಲ್ಲಿ ನಿಯಮ ತಿದ್ದುಪಡಿಯಾಯಿತು. ಹಂಚಿಕೆಯ ಲೆಕ್ಕ ಇಡೀ ಭೂಮಿಗೆ ಅನ್ವಯಿಸುವುದು ನಿಂತು, ಕಟ್ಟಡಗಳಿಲ್ಲದ ಖಾಲಿ ಭಾಗಕ್ಕಷ್ಟೇ ಅನ್ವಯಿಸುವಂತಾಯಿತು. ಗಿರಣಿ ಅಂಗಳದಲ್ಲಿ ಶೆಡ್ಡುಗಳೇ ತುಂಬಿರುವಾಗ ಖಾಲಿ ಜಾಗ ಎಷ್ಟಿದ್ದೀತು? 2006ರಲ್ಲಿ ಸುಪ್ರೀಂ ಕೋರ್ಟ್ ಈ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಊರಿಗೆ ಸಿಗಬೇಕಿದ್ದ ನೂರಾರು ಎಕರೆ ಒಂದು ವಾಕ್ಯದ ಬದಲಾವಣೆಯಲ್ಲಿ ಕರಗಿತು. ಮಾಲ್‌ಗಳು, ವಸತಿ ಗೋಪುರಗಳು ಎದ್ದವು. ಗಿರಣಿ ಕಾರ್ಮಿಕರ ಕುಟುಂಬಗಳು ಮನೆಗಾಗಿ ಲಾಟರಿಯ ಸಾಲಿನಲ್ಲಿ ನಿಂತವು.

ಗಿರಣಿಗಳ ವಿಷಯದಲ್ಲಿ ಒಂದು ಸಬೂಬು ಇತ್ತು. ಬಹಳಷ್ಟು ಭೂಮಿ ಖಾಸಗಿಯವರದ್ದು, ಅವರನ್ನು ಒಪ್ಪಿಸದೆ ಏನೂ ನಡೆಯದು ಎನ್ನಬಹುದಿತ್ತು. ಬಂದರಿನ ನೆಲಕ್ಕೆ ಆ ಸಬೂಬು ಇಲ್ಲ. ಗಿರಣಿ ಭೂಮಿಯ ಮೂರು ಪಟ್ಟು ವಿಸ್ತಾರದ ಈ ನೆಲ ಈಗಾಗಲೇ ಸಾರ್ವಜನಿಕರದ್ದು.

ಸಾರ್ವಜನಿಕ ಒಡೆತನವನ್ನು ಹೇಗೆ ಬಳಸಬಹುದು ಎಂಬುದಕ್ಕೆ ಜರ್ಮನಿಯ ಹ್ಯಾಂಬರ್ಗ್ ಒಳ್ಳೆಯ ಉದಾಹರಣೆ. ಎಲ್ಬೆ ನದಿಯ ದಡದ 157 ಹೆಕ್ಟೇರ್ ಹಳೆಯ ಬಂದರು ಪ್ರದೇಶದಲ್ಲಿ ಹಾಫೆನ್‌ಸಿಟಿ ಎಂಬ ಬಡಾವಣೆ ಕಟ್ಟುವ ನಿರ್ಧಾರವನ್ನು ನಗರ 1997ರಲ್ಲಿ ಪ್ರಕಟಿಸಿತು, 2000ದಲ್ಲಿ ಮಹಾಯೋಜನೆ ಬಂತು. ಭೂಮಿಯನ್ನು ನಗರದ್ದೇ ಕಂಪನಿ ನಿರ್ವಹಿಸುತ್ತದೆ. ಮನೆ ಕಟ್ಟುವ ನಿವೇಶನಗಳು ಹೆಚ್ಚು ಹಣ ಕೂಗಿದವನಿಗೆ ಹೋಗುವುದಿಲ್ಲ. ಆಯ್ಕೆಯಲ್ಲಿ ಬೆಲೆಗೆ 30 ಅಂಕವಾದರೆ ಯೋಜನೆಯ ಗುಣಕ್ಕೆ 70. ಆಯ್ಕೆಯಾದವನ ಕೈಗೂ ನಿವೇಶನ ಕೂಡಲೇ ಸೇರುವುದಿಲ್ಲ. ಮೊದಲು ಅವನ ಹೆಸರಿಗೆ ಕಾದಿರಿಸುತ್ತಾರೆ. ಅವನು ವಿನ್ಯಾಸ ಸ್ಪರ್ಧೆ ನಡೆಸಿ, ಪರವಾನಗಿ ಪಡೆದ ಮೇಲೆಯೇ ಮಾರಾಟ. ಮಾತಿಗೆ ತಪ್ಪಿದರೆ ನೆಲ ನಗರದ ಬಳಿಯೇ ಉಳಿಯುತ್ತದೆ. ಮಾರಾಟದ ಹಣದಿಂದ ರಸ್ತೆ, ಸೇತುವೆ, ದಂಡೆಗಳು ಆಗುತ್ತವೆ. ಮೊದಮೊದಲು ಅಲ್ಲಿಯೂ ಎದ್ದದ್ದು ಸಿರಿವಂತರ ಮನೆಗಳೇ. ಟೀಕೆ ಬಂದ ಮೇಲೆ, 2010ರಿಂದೀಚೆಗೆ, ಹೊಸ ಮನೆಗಳಲ್ಲಿ ಮೂರನೆಯ ಒಂದು ಭಾಗ ರಿಯಾಯಿತಿ ಬಾಡಿಗೆಯವಾಗಬೇಕೆಂದು ಗೊತ್ತುಮಾಡಿದರು. ಹೀಗೆ ನಡುವೆ ದಾರಿ ತಿದ್ದಿಕೊಳ್ಳಲು ಸಾಧ್ಯವಾದದ್ದು ನೆಲ ಇನ್ನೂ ಕೈಯಲ್ಲಿ ಇದ್ದುದರಿಂದ. ಹ್ಯಾಂಬರ್ಗ್‌ನಲ್ಲೂ ಎಡವಟ್ಟುಗಳಾಗಿವೆ: ನದಿಯಂಚಿನ ಎಲ್ಬ್ ಫಿಲಾರ್ಮೊನಿ ಸಂಗೀತ ಭವನದ ಖರ್ಚು ಮೊದಲ ಅಂದಾಜಿನ ಹಲವು ಪಟ್ಟು ಬೆಳೆದು, 2017ರಲ್ಲಿ ತೆರೆಯುವ ಹೊತ್ತಿಗೆ 86 ಕೋಟಿ ಯೂರೋ ದಾಟಿತ್ತು.

ಈಗ ಮುಂಬೈಗೆ ಮರಳೋಣ. ಈ ಬಂದರು ಸತ್ತಿದೆ ಎಂಬ ಗ್ರಹಿಕೆಯೇ ತಪ್ಪು. ಕಂಟೇನರ್ ಹೋದರೂ ಕಚ್ಚಾ ತೈಲ, ವಾಹನ, ಉಕ್ಕು ಬರುತ್ತಲೇ ಇವೆ. ವರ್ಷಕ್ಕೆ 6 ಕೋಟಿ ಟನ್‌ಗೂ ಹೆಚ್ಚು ಸರಕನ್ನು ಅದು ಇಂದಿಗೂ ನಿಭಾಯಿಸುತ್ತದೆ. 1875ರ ಸಸೂನ್ ಡಾಕ್‌ನಲ್ಲಿ ನಸುಕಿಗೇ ಮೀನಿನ ಹರಾಜು ನಡೆಯುತ್ತದೆ, ಹೆಂಗಸರು ಸಾಲಾಗಿ ಕುಳಿತು ಸಿಗಡಿ ಸುಲಿಯುತ್ತಾರೆ. ಭಾವೂಚಾ ಧಕ್ಕಾದಿಂದ ದೋಣಿಗಳು ಹೊರಡುತ್ತವೆ. ದಾರೂಖಾನಾದಲ್ಲಿ ಹಳೆಯ ಹಡಗುಗಳನ್ನು ಒಡೆದ ಗುಜರಿಯ ವ್ಯಾಪಾರವಿದೆ. ಶಿವ್ಡಿಯ ಕೆಸರುಬಯಲಿಗೆ ಚಳಿಗಾಲದಲ್ಲಿ ಸಾವಿರಾರು ರಾಜಹಂಸಗಳು ಇಳಿಯುತ್ತವೆ.

ಇದೇ ದಡದಲ್ಲಿ ಇಳಿದು ಮುಂಬೈ ಸೇರಿದವರಲ್ಲಿ ನಮ್ಮ ಕರಾವಳಿಯ ಎಷ್ಟೋ ತಲೆಮಾರುಗಳಿವೆ. ಹೆದ್ದಾರಿ, ಕೊಂಕಣ ರೈಲು ಬರುವ ಮುಂಚೆ ಮಂಗಳೂರಿನಿಂದ ಹೊರಟ ಹುಡುಗರು ಹಡಗಿನಲ್ಲೇ ಬಂದು, ಹಗಲು ಹೋಟೆಲುಗಳಲ್ಲಿ ದುಡಿದು, ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿದರು. ಮಂಗಳೂರಿನವರು ‘ದಕ್ಕೆ’ ಎನ್ನುವುದೂ ಮುಂಬೈಯವರು ‘ಧಕ್ಕಾ’ ಎನ್ನುವುದೂ ಒಂದೇ ಪದ.

2014ರಲ್ಲಿ ಕೇಂದ್ರ ಹಡಗು ಸಚಿವಾಲಯ, ಬಂದರಿನ ಮಾಜಿ ಅಧ್ಯಕ್ಷೆ ರಾಣಿ ಜಾಧವ್ ಅವರ ನೇತೃತ್ವದಲ್ಲಿ ಈ ಭೂಮಿಯ ಬಗ್ಗೆ ಸಮಿತಿ ನೇಮಿಸಿತು. 2018ರಲ್ಲಿ ಪೋರ್ಟ್ ಟ್ರಸ್ಟನ್ನೇ ವಿಶೇಷ ಯೋಜನಾ ಪ್ರಾಧಿಕಾರವನ್ನಾಗಿ ಮಾಡಲಾಯಿತು. ಅದೇ ವರ್ಷದ ಕೊನೆಗೆ 966 ಹೆಕ್ಟೇರಿಗೆ ಕರಡು ಯೋಜನೆ ಬಂತು. ನನ್ನ ಮೊದಲ ತಕರಾರು ಇಲ್ಲೇ ಇದೆ. ಲಂಡನ್ನಿನ ನಿಗಮದ ಹಾಗೆ ಇಲ್ಲಿಯೂ ಭೂಮಾಲೀಕ ಮತ್ತು ಯೋಜಕ ಒಬ್ಬರೇ. ಬಂದರಿಗೆ ಆದಾಯ ಬೇಕು: ನಿವೃತ್ತರಾದ ಸಾವಿರಾರು ನೌಕರರ ಪಿಂಚಣಿಯ ಹೊರೆ ಅದರ ಮೇಲಿದೆ. ಹಣದ ಅಗತ್ಯವಿರುವವರ ಕೈಯಲ್ಲಿ ಎಷ್ಟು ಎತ್ತರ ಕಟ್ಟಬಹುದೆಂದು ನಿರ್ಧರಿಸುವ ಲೇಖನಿಯೂ ಇದ್ದರೆ ಬಯಲು ಕುಗ್ಗುತ್ತದೆ, ಗೋಪುರ ಬೆಳೆಯುತ್ತದೆ. ರಸ್ತೆ, ನೀರು, ಚರಂಡಿ ಕೊಡಬೇಕಾದ ಮಹಾನಗರ ಪಾಲಿಕೆ ಪಕ್ಕದಲ್ಲಿ ನಿಂತು ನೋಡಬೇಕಾಗುತ್ತದೆ.

ಹಾಗೆಂದು ಬಂದರಿಗೆ ಊರು ಕಟ್ಟಲು ಬಾರದೆಂದಲ್ಲ. 1914ರಲ್ಲಿ ತೆರೆದ ಅಲೆಕ್ಸಾಂಡ್ರಾ ಡಾಕ್, ಅಂದರೆ ಇಂದಿನ ಇಂದಿರಾ ಡಾಕ್, ಅಗೆದಾಗ ಬಂದ ಮಣ್ಣಿನಿಂದ ತುಂಬಿದ ನೆಲದ ಮೇಲೇ ಪೋರ್ಟ್ ಟ್ರಸ್ಟ್ ಬ್ಯಾಲಾರ್ಡ್ ಎಸ್ಟೇಟನ್ನು ಕಟ್ಟಿತು. ವಾಸ್ತುಶಿಲ್ಪಿ ಜಾರ್ಜ್ ವಿಟೆಟ್ ಅವರ ಕೈ ಅದರಲ್ಲಿ ಕಾಣುತ್ತದೆ. ಒಂದೇ ಎತ್ತರದ ಸಾಲುಗಳು, ನೆರಳಿನ ಕಾಲುದಾರಿ, ಅಗಲವಾದ ಬೀದಿಗಳು. ನೂರು ವರ್ಷಗಳ ಮೇಲೂ ಮುಂಬೈಯಲ್ಲಿ ನಿಶ್ಚಿಂತೆಯಿಂದ ನಡೆದಾಡಬಹುದಾದ ಕೆಲವೇ ಜಾಗಗಳಲ್ಲಿ ಅದೂ ಒಂದು.

ಎರಡನೆಯ ತೊಡಕು ಗುತ್ತಿಗೆಗಳದ್ದು. ದಶಕಗಳ ಹಿಂದೆ ಚಿಲ್ಲರೆ ಬಾಡಿಗೆಗೆ ಕೊಟ್ಟ ಗೋದಾಮುಗಳು, ಕಚೇರಿಗಳು, ವಸತಿಗಳು ಸಾಕಷ್ಟಿವೆ. ಹಲವು ಗುತ್ತಿಗೆಗಳ ಅವಧಿ ಮುಗಿದು ಎಷ್ಟೋ ಕಾಲವಾಗಿದೆ. ಬಾಡಿಗೆ ಏರಿಕೆಯ ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋದಾಗ 2004ರಲ್ಲಿ ನ್ಯಾಯಾಲಯ, ಪೋರ್ಟ್ ಟ್ರಸ್ಟ್ ಸರ್ಕಾರದ ಅಂಗವಾದ್ದರಿಂದ ಲಾಭಕ್ಕೆ ಬಿದ್ದ ಖಾಸಗಿ ಮಾಲೀಕನಂತೆ ನಡೆಯಕೂಡದು ಎಂಬ ನಿಲುವು ತಳೆಯಿತು. ಆ ಮಾತನ್ನು ಬಾಡಿಗೆದಾರರಿಗಷ್ಟೇ ಸೀಮಿತಗೊಳಿಸದೆ ಇಡೀ ಯೋಜನೆಗೇ ಅನ್ವಯಿಸಬೇಕೆಂಬುದು ನನ್ನ ಆಸೆ. ಜೋಪಡಿಗಳ ಸ್ಥಿತಿ ಇನ್ನೂ ಕಷ್ಟ. ಭೂಮಿ ಕೇಂದ್ರದ್ದಾದ್ದರಿಂದ ಅದರ ಒಪ್ಪಿಗೆಯಿಲ್ಲದೆ ರಾಜ್ಯದ ಕೊಳೆಗೇರಿ ಪುನರ್ವಸತಿ ಯೋಜನೆ ಅಲ್ಲಿಗೆ ಬರುವುದಿಲ್ಲ. ತಲೆಮಾರುಗಳಿಂದ ಅಲ್ಲಿರುವ ಕುಟುಂಬ ಎರಡು ಸರ್ಕಾರಗಳ ನಡುವೆ ಸಿಕ್ಕಿಬಿದ್ದಿದೆ.

ಈ ನಡುವೆ ನೆಲದ ಬೆಲೆ ಕಾಯುತ್ತಾ ಕೂತಿಲ್ಲ. 2013ರಲ್ಲಿ ಈಸ್ಟರ್ನ್ ಫ್ರೀವೇ ಬಂದರಿನ ಬೆನ್ನ ಮೇಲೆಯೇ ಹಾದುಹೋಯಿತು. 2024ರ ಜನವರಿಯಲ್ಲಿ ಶಿವ್ಡಿಯಿಂದ ಹೊರಡುವ 21.8 ಕಿಲೋಮೀಟರ್ ಉದ್ದದ ಅಟಲ್ ಸೇತು ತೆರೆಯಿತು. ಬ್ಯಾಲಾರ್ಡ್ ಪಿಯರ್‌ನಲ್ಲಿ ಕ್ರೂಸ್ ಟರ್ಮಿನಲ್ ಎದ್ದಿದೆ. ಇವೆಲ್ಲ ಸಾರ್ವಜನಿಕ ಹೂಡಿಕೆಗಳು. ಇವುಗಳಿಂದ ಏರಿದ ಬೆಲೆಯೂ ಸಾರ್ವಜನಿಕರದ್ದೇ ಆಗಬೇಕಾದರೆ ನೆಲವನ್ನು ಮಾರದೆ, ಅವಧಿ ಗೊತ್ತುಮಾಡಿದ ಗುತ್ತಿಗೆಗೆ ಕೊಟ್ಟು, ಬಾಡಿಗೆಯನ್ನು ಕಾಲಕಾಲಕ್ಕೆ ಪರಿಷ್ಕರಿಸುವ ಷರತ್ತು ಇಡಬೇಕು. ಬಯಲಿನ ಪಾಲು, ಕಡಿಮೆ ಬಾಡಿಗೆಯ ಮನೆಗಳ ಪಾಲು ಇಡೀ ಭೂಮಿಯ ಲೆಕ್ಕದಲ್ಲೇ ಇರಬೇಕು. ಗಿರಣಿ ಭೂಮಿಯಲ್ಲಿ ಆದಂತೆ ಅದನ್ನು ಸದ್ದಿಲ್ಲದೆ ತಿದ್ದಲು ಎಡೆಯಿರಬಾರದು.

ನೀರಿನ ವಿಷಯ ಹೇಳದೆ ಮುಂದೆ ಹೋಗಲಾಗದು. ಹಾಫೆನ್‌ಸಿಟಿ ಪ್ರವಾಹ ತಡೆಗೋಡೆಯ ಹೊರಗಿರುವುದರಿಂದ ಅಲ್ಲಿನ ಕಟ್ಟಡಗಳನ್ನು ಸಮುದ್ರಮಟ್ಟದಿಂದ 8–9 ಮೀಟರ್ ಎತ್ತರಕ್ಕೆ ಏರಿಸಿದ ದಿಬ್ಬಗಳ ಮೇಲೆ ಕಟ್ಟಿದ್ದಾರೆ. ಮುಂಬೈಯ ಪೂರ್ವ ದಡ ಬಹುಮಟ್ಟಿಗೆ ಸಮುದ್ರ ತುಂಬಿ ಪಡೆದ ತಗ್ಗು ನೆಲ. ಮಳೆ ಮತ್ತು ಭರತ ಒಟ್ಟಿಗೆ ಬಂದರೆ ಒಳಗಿನ ಬಡಾವಣೆಗಳ ನೀರು ಹೊರಹೋಗುವುದು ಇದೇ ಅಂಚಿನಿಂದ. ರೇ ರೋಡಿನ ಬ್ರಿಟಾನಿಯಾ ಪಂಪಿಂಗ್ ಸ್ಟೇಷನ್ ಇರುವುದು ಅದಕ್ಕೇ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಸುರಿದ ದಿನವನ್ನು ಕಂಡ ಊರು ಈ ಅಂಚಿಗೆ ಕಾಂಕ್ರೀಟ್ ಒಡ್ಡು ಕಟ್ಟುವ ಮೊದಲು ನೂರು ಬಾರಿ ಯೋಚಿಸಬೇಕು.

ಮಂಗಳೂರಿನಲ್ಲಿ ಇದೇ ಪ್ರಶ್ನೆಗಳು ಸಣ್ಣ ಅಳತೆಯಲ್ಲಿ ಎದ್ದಿವೆ. 1975ರಲ್ಲಿ ಪಣಂಬೂರಿನ ನವಮಂಗಳೂರು ಬಂದರು ಉದ್ಘಾಟನೆಯಾದ ಮೇಲೆ ದೊಡ್ಡ ಹಡಗುಗಳು ಅತ್ತ ಹೋದವು. ನೇತ್ರಾವತಿ ಮತ್ತು ಫಲ್ಗುಣಿ ಸೇರುವ ಅಳಿವೆಯ ಹಳೇ ಬಂದರು ಮಾತ್ರ ಕಣ್ಣುಮುಚ್ಚಲಿಲ್ಲ. ದಕ್ಕೆಯಲ್ಲಿ ಮೀನುಗಾರಿಕೆ ದೋಣಿಗಳ ಸಂದಣಿ, ಲಕ್ಷದ್ವೀಪಕ್ಕೆ ತರಕಾರಿ, ಜಲ್ಲಿ, ಸಿಮೆಂಟು ಹೊರುವ ಮಂಜಿಗಳೆಂಬ ಸರಕು ದೋಣಿಗಳು, ಬಂದರಿನ ಓಣಿಗಳಲ್ಲಿ ಸಗಟು ವ್ಯಾಪಾರ ಇಂದಿಗೂ ಇವೆ. ಸ್ಮಾರ್ಟ್ ಸಿಟಿ ಯೋಜನೆಯಡಿ ನೇತ್ರಾವತಿಯ ದಂಡೆಯಲ್ಲಿ ವಿಹಾರಪಥದ ಕೆಲಸ ಕೈಗೆತ್ತಿಕೊಳ್ಳಲಾಗಿದೆ. ನದಿಯಂಚಿನಲ್ಲಿ ಕುಟುಂಬದೊಂದಿಗೆ ಕೂರಲು ಜಾಗ ಬೇಕೆಂಬ ಆಸೆ ನ್ಯಾಯವಾದದ್ದೇ. ಆದರೆ ವಿಹಾರಕ್ಕೆ ಬಂದವರಿಗೆ ಮೀನಿನ ವಾಸನೆ ಆಗುವುದಿಲ್ಲವೆಂಬ ಕಾರಣಕ್ಕೆ ಮಂಜುಗಡ್ಡೆ ಕಾರ್ಖಾನೆ, ಬಲೆ ಹೆಣೆಯುವ ಅಂಗಳ, ದೋಣಿ ರಿಪೇರಿಯ ಜಾಗಗಳು ಒಂದೊಂದಾಗಿ ಹಿಂದೆ ಸರಿಯಬೇಕಾಗಿ ಬಂದರೆ ಅದು ಬೇರೆಯೇ ಲೆಕ್ಕ. ದೋಣಿ ನಿಲ್ಲುವುದು ನೀರಿದ್ದಲ್ಲಿ ಮಾತ್ರ. ಅದಕ್ಕೆ ಬದಲಿ ನಿವೇಶನ ಕೊಡಲು ಬರುವುದಿಲ್ಲ. ಹಾಗಾಗಿ ಇಂಥ ಯಾವುದೇ ನಕ್ಷೆ ಸಾರ್ವಜನಿಕರ ಮುಂದೆ ಬಂದಾಗ ಬಣ್ಣದ ಚಿತ್ರಗಳನ್ನು ಪಕ್ಕಕ್ಕಿಟ್ಟು ಭೂಬಳಕೆಯ ಕೋಷ್ಟಕವನ್ನು ಕೇಳಿ ಪಡೆಯಿರಿ. ಈಗ ದುಡಿಯುತ್ತಿರುವವರ ಜಾಗಗಳು ಅದರಲ್ಲಿ ಹೆಸರು ಹಿಡಿದು, ಅಳತೆಯ ಸಮೇತ ನಮೂದಾಗಿವೆಯೇ ನೋಡಿ. ಇಲ್ಲದಿದ್ದರೆ ಆಕ್ಷೇಪಣೆ ಸಲ್ಲಿಸಲು ಕೊಟ್ಟ ಗಡುವು ಮುಗಿಯುವುದರೊಳಗೆ ಲಿಖಿತವಾಗಿ ಕೊಡಿ.